ನುಗ್ಗೆಸೊಪ್ಪಿನ ಪುಡಿ ಕೊಟ್ಟು ಕಿಮೋ ಮಾತ್ರೆ ನಿಲ್ಲಿಸಬಹುದಾ?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಮೂರು ತಿಂಗಳ ಹಿಂದೆ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಆಪರೇಷನ್ ಆಯಿತು, ಮೂರನೇ ಸ್ಟೇಜ್ ಅಂದರು. ಈಗ ಕ್ಯಾಪೆಸಿಟಬಿನ್ ಮಾತ್ರೆ ನಡೆಯುತ್ತಿದೆ. ಅಂಗೈ ಅಂಗಾಲು ಉರಿ, ಬಾಯಲ್ಲಿ ಹುಣ್ಣು. ನಮ್ಮ ಸೋದರಮಾವ ನುಗ್ಗೆಸೊಪ್ಪಿನ ಪುಡಿ ತಂದುಕೊಟ್ಟು, ಸೊಪ್ಪಿನಲ್ಲಿರುವ ಪಾಲಿಫಿನಾಲ್ ಕ್ಯಾನ್ಸರ್ ಜೀವಕೋಶಗಳನ್ನು ಸಾಯಿಸುತ್ತದೆ ಅಂತ ವಿಜ್ಞಾನಿಗಳೇ ಹೇಳಿದ್ದಾರೆ, ಮಾತ್ರೆ ಬಿಟ್ಟುಬಿಡಿ ಅನ್ನುತ್ತಿದ್ದಾರೆ. ಆಸ್ಪತ್ರೆಯಲ್ಲಿ ನೋಡಿದರೆ ಆಪರೇಷನ್ ಆದಾಗ ಸೊಪ್ಪೇ ಬೇಡ ಅಂದಿದ್ದರು. ಯಾವುದನ್ನು ನಂಬುವುದು? ನನಗೆ 38, ತಮ್ಮನಿಗೆ 35. ನಾವೇನು ತಿನ್ನಬೇಕು?
– ತುಮಕೂರು ಕಡೆಯ ಓದುಗರು

ಉತ್ತರ: ಮೊದಲು ಅವಸರದ ಮಾತು. ಮಾತ್ರೆ ನಿಲ್ಲಿಸಬೇಡಿ. ಅಂಗೈ ಉರಿ, ಬಾಯಿ ಹುಣ್ಣು ತಡೆಯಲಾಗದಷ್ಟು ಇದ್ದರೆ ಡಾಕ್ಟರಿಗೆ ಹೇಳಿ. ಡೋಸ್ ಕಡಿಮೆ ಮಾಡುವುದು, ಕೆಲವು ದಿನ ಬಿಡುವು ಕೊಟ್ಟು ಮತ್ತೆ ಶುರು ಮಾಡುವುದು, ಇದೆಲ್ಲ ಅವರು ದಿನಾ ಮಾಡುವ ಕೆಲಸ. ಆದರೆ ಆ ನಿರ್ಧಾರ ಅವರದ್ದೇ ಆಗಬೇಕು. ಪುಡಿ ಡಬ್ಬಿಯನ್ನು ಸದ್ಯಕ್ಕೆ ಪಕ್ಕಕ್ಕೆ ಇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಸೋದರಮಾವ ಸುಳ್ಳು ಹೇಳುತ್ತಿಲ್ಲ. ಅವರು ಓದಿದ್ದು ನಿಜ, ಆದರೆ ಅದು ಅರ್ಧ ಕಥೆ. ನಾನೂ ಹಲವು ವರ್ಷ ಲ್ಯಾಬಿನಲ್ಲಿ ಇದೇ ಕೆಲಸ ಮಾಡಿದವರ ಪೈಕಿ. ರೋಗಿಗಳ ಗೆಡ್ಡೆಯಿಂದ ತೆಗೆದು ದಶಕಗಳಿಂದ ಪ್ರಪಂಚದ ಎಲ್ಲ ಲ್ಯಾಬುಗಳಲ್ಲಿ ಬೆಳೆಸುತ್ತಾ ಬಂದಿರುವ ಕರುಳಿನ ಕ್ಯಾನ್ಸರ್ ಜೀವಕೋಶಗಳಿವೆ. ಎಚ್‌ಟಿ-29, ಎಚ್‌ಸಿಟಿ-116, ಕಾಕೊ-2 ಅಂತ ಅವುಗಳ ಹೆಸರು. ಪ್ಲಾಸ್ಟಿಕ್ ತಟ್ಟೆಯಲ್ಲಿ ಅವನ್ನು ಬೆಳೆಸಿ, ಮೇಲೆ ಕ್ವೆರ್ಸೆಟಿನ್ ಹಾಕಿದರೆ ಬೆಳವಣಿಗೆ ನಿಧಾನವಾಗುತ್ತದೆ, ಜಾಸ್ತಿ ಹಾಕಿದರೆ ಸಾಯುತ್ತವೆ. ಈ ಕ್ವೆರ್ಸೆಟಿನ್ ಒಂದು ಪಾಲಿಫಿನಾಲ್, ಅಂದರೆ ಗಿಡಗಳಲ್ಲಿ ಸಹಜವಾಗಿ ಇರುವ ಒಂದು ಬಗೆಯ ರಾಸಾಯನಿಕ. ನುಗ್ಗೆಸೊಪ್ಪಿನಲ್ಲಿ, ಕೊತ್ತಂಬರಿಯಲ್ಲಿ, ಈರುಳ್ಳಿಯಲ್ಲಿ ಚೆನ್ನಾಗಿಯೇ ಇದೆ. ಕೆಂಫೆರಾಲ್, ಲ್ಯೂಟಿಯೋಲಿನ್, ಏಪಿಜೆನಿನ್ ಅನ್ನುವ ಅದರ ಬಂಧುಗಳೂ ಹೆಚ್ಚು ಕಡಿಮೆ ಹಾಗೇ ಮಾಡುತ್ತವೆ.

ಹೇಗೆ ಮಾಡುತ್ತವೆ? ನಮ್ಮ ಕರುಳಿನ ಒಳಪದರ ನಾಲ್ಕೈದು ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ. ಇಷ್ಟು ವೇಗವಾಗಿ ಜೀವಕೋಶಗಳು ಒಡೆಯುತ್ತಿದ್ದರೆ ಅದಕ್ಕೊಂದು ಬ್ರೇಕ್ ಬೇಕಲ್ವಾ? ಎಪಿಸಿ ಅನ್ನುವ ಜೀನ್ ಆ ಬ್ರೇಕ್. ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು 80%ರಲ್ಲಿ ಈ ಬ್ರೇಕೇ ಕೆಟ್ಟಿರುತ್ತದೆ. ಆಗ ಬೀಟಾ ಕೆಟೆನಿನ್ ಅನ್ನುವ ಪ್ರೋಟೀನ್ ಜೀವಕೋಶದೊಳಗೆ ತುಂಬಿಕೊಂಡು 'ಒಡೆ, ಒಡೆ' ಅಂತ ಸೂಚನೆ ಕೊಡುತ್ತಲೇ ಇರುತ್ತದೆ. ಮೊದಲು ಪಾಲಿಪ್ ಅನ್ನುವ ಸಣ್ಣ ಗಂಟು ಏಳುತ್ತದೆ. ಅದರ ಮೇಲೆ ಇನ್ನೊಂದಿಷ್ಟು ಜೀನ್‌ಗಳು ಕೆಟ್ಟು, ಸಾಮಾನ್ಯವಾಗಿ ಹತ್ತು ವರ್ಷ ಹಿಡಿದು ಅದು ಕ್ಯಾನ್ಸರ್ ಆಗುತ್ತದೆ. ತಟ್ಟೆಯಲ್ಲಿ ಪಾಲಿಫಿನಾಲ್‌ಗಳು ಈ ಬೀಟಾ ಕೆಟೆನಿನ್ ಸೂಚನೆಯನ್ನು ತಗ್ಗಿಸುತ್ತವೆ, ಉರಿಯೂತದ ಸೂಚನೆಗಳನ್ನೂ ತಗ್ಗಿಸುತ್ತವೆ. ಇದು ನಿಜವಾದ ವಿಜ್ಞಾನವೇ.

ಆದರೆ ತಟ್ಟೆಗೆ ಜಠರ ಇಲ್ಲ, ಲಿವರ್ ಇಲ್ಲ. ನಾವು ತಿಂದ ಕ್ವೆರ್ಸೆಟಿನ್‌ನಲ್ಲಿ ಸ್ವಲ್ಪ ಮಾತ್ರ ಸಣ್ಣ ಕರುಳಿನಲ್ಲಿ ಹೀರಿಕೆಯಾಗುತ್ತದೆ. ಹೀರಿಕೆಯಾದದ್ದನ್ನೂ ಕರುಳಿನ ಗೋಡೆ ಮತ್ತು ಲಿವರ್ ಸೇರಿ ಬೇರೆ ರೂಪಕ್ಕೆ ಬದಲಿಸಿಬಿಡುತ್ತವೆ. ತಟ್ಟೆಯಲ್ಲಿ ಜೀವಕೋಶ ಸಾಯಿಸಲು ಹಾಕುವ ಪ್ರಮಾಣ, ಊಟ ಮಾಡಿದ ಮೇಲೆ ರಕ್ತದಲ್ಲಿ ಸಿಗುವುದಕ್ಕಿಂತ ಹತ್ತಾರು ಪಟ್ಟು ಜಾಸ್ತಿ. ಹಾಗಾಗಿ ಸ್ತನದ ಕ್ಯಾನ್ಸರ್, ಮೆದುಳಿನ ಗೆಡ್ಡೆ ಇದಕ್ಕೆಲ್ಲ ಸೊಪ್ಪಿನ ಪಾಲಿಫಿನಾಲ್ ಮದ್ದು ಅಂತ ಯಾರಾದರೂ ಹೇಳಿದರೆ ನನಗೆ ಮೊದಲು ಬರುವ ಪ್ರಶ್ನೆ, ಅದು ಅಲ್ಲಿಗೆ ತಲುಪುವುದಾದರೂ ಹೇಗೆ?

ದೊಡ್ಡ ಕರುಳಿನ ವಿಷಯ ಮಾತ್ರ ಬೇರೆ. ನಾನು ಇಷ್ಟು ವರ್ಷ ಇದರ ಹಿಂದೆ ಬಿದ್ದಿರುವುದೂ ಇದೇ ಕಾರಣಕ್ಕೆ. ಹೀರಿಕೆಯಾಗದೆ ಉಳಿದದ್ದು ಎಲ್ಲಿಗೆ ಹೋಗುತ್ತದೆ ಹೇಳಿ? ನೇರವಾಗಿ ದೊಡ್ಡ ಕರುಳಿಗೆ. ತಿಂದ ಪಾಲಿಫಿನಾಲ್‌ನಲ್ಲಿ 90ರಿಂದ 95%ರಷ್ಟು ಅಲ್ಲಿಗೆ ತಲುಪುತ್ತದೆ ಅನ್ನುವುದು ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಒಪ್ಪಿಕೊಂಡ ಅಂದಾಜು. ಬೇರೆ ಅಂಗಗಳಿಗೆ ತಲುಪುವುದಿಲ್ಲ ಅನ್ನುವ ದೋಷವೇ ಇಲ್ಲಿ ಅನುಕೂಲ. ಅಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಕಾದುಕೊಂಡು ಕೂತಿರುತ್ತವೆ. ಅವು ಪಾಲಿಫಿನಾಲ್ ಅನ್ನು ಒಡೆದು ಸಣ್ಣ ಸಣ್ಣ ಆಮ್ಲಗಳನ್ನಾಗಿ ಮಾಡುತ್ತವೆ. ಆ ಆಮ್ಲಗಳಿಗೆ ಕರುಳಿನ ಗೋಡೆಯ ಜೊತೆ ನೇರ ಒಡನಾಟ. ರಾಗಿಯ ಸಿಪ್ಪೆಯಲ್ಲಿರುವ ಫೆರುಲಿಕ್ ಆಮ್ಲವಂತೂ ನಾರಿಗೆ ಅಂಟಿಕೊಂಡೇ ಕೆಳಗಿಳಿಯುತ್ತದೆ, ಬ್ಯಾಕ್ಟೀರಿಯಾ ಬಂದು ಬಿಡಿಸಿದಾಗ ಮಾತ್ರ ಹೊರಗೆ ಬರುತ್ತದೆ.

ನಾರು ಅಂದೆ ಅಲ್ವಾ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೊಪ್ಪು ಅಂದರೆ ಬರೀ ಪಾಲಿಫಿನಾಲ್ ಅಲ್ಲ. ನಾರನ್ನು ಬ್ಯಾಕ್ಟೀರಿಯಾಗಳು ಹುಳಿಸಿದಾಗ ಬ್ಯುಟಿರೇಟ್ ಅನ್ನುವ ವಸ್ತು ಹುಟ್ಟುತ್ತದೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಊಟ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ತುಂಬಾ ಇಷ್ಟ. ಅಮೆರಿಕದ ಪಿಟ್ಸ್‌ಬರ್ಗಿನ 20 ಮಂದಿ ಆಫ್ರಿಕನ್ ಮೂಲದವರು, ದಕ್ಷಿಣ ಆಫ್ರಿಕಾದ ಹಳ್ಳಿಯ 20 ಮಂದಿ. ಮೊದಲನೆಯವರಲ್ಲಿ ಈ ಕ್ಯಾನ್ಸರ್ ತುಂಬಾ ಜಾಸ್ತಿ, ಎರಡನೆಯವರಲ್ಲಿ ತೀರಾ ಕಡಿಮೆ. ಎರಡು ವಾರ ಇಬ್ಬರ ಊಟವನ್ನೂ ಅದಲು ಬದಲು ಮಾಡಿದರು. ಅಮೆರಿಕದವರಿಗೆ ದಿನಕ್ಕೆ 14 ಗ್ರಾಂ ಇದ್ದ ನಾರು 55 ಗ್ರಾಂ ಆಯಿತು. ಹಳ್ಳಿಯವರಿಗೆ ಬರ್ಗರ್, ಫ್ರೈ, ಮಾಂಸ ಕೊಟ್ಟರು, ಅವರ ನಾರು 66ರಿಂದ 12 ಗ್ರಾಮಿಗೆ ಇಳಿಯಿತು. ಬರೀ ಎರಡು ವಾರ! ಅಷ್ಟರಲ್ಲಿ ಅಮೆರಿಕದವರ ಮಲದಲ್ಲಿ ಬ್ಯುಟಿರೇಟ್ ಎರಡೂವರೆ ಪಟ್ಟು ಆಗಿತ್ತು, ಕರುಳಿನ ಉರಿಯೂತ ಇಳಿದಿತ್ತು, ಒಳಪದರದ ಜೀವಕೋಶಗಳು ಒಡೆಯುವ ವೇಗವೂ ತಗ್ಗಿತ್ತು. ಹಳ್ಳಿಯವರಲ್ಲಿ ಎಲ್ಲವೂ ಉಲ್ಟಾ. ಅವರಿಗೆ ಕ್ಯಾನ್ಸರ್ ಬಂತು ಅಂತಲ್ಲ, ಕ್ಯಾನ್ಸರ್ ಕಡೆಗೆ ವಾಲುವ ಗುರುತುಗಳು ಬದಲಾದವು. ಇದನ್ನು ಮಾಡಿದ್ದು ಪೂರ್ತಿ ಊಟ. ಅದರಿಂದ ಒಂದು ವಸ್ತುವನ್ನು ಎತ್ತಿ, ಇದೇ ಮಾಡಿದ್ದು ಅಂತ ಹೇಳಲು ಬರುವುದಿಲ್ಲ.

ಒಂದೊಂದೇ ವಸ್ತುವನ್ನು ಎತ್ತಿ ಮನುಷ್ಯರಿಗೆ ಕೊಟ್ಟು ನೋಡಿದಾಗ ಏನಾಯಿತು? ಪುಡಿ ಮಾರುವವರು ಹೇಳದ ಭಾಗ ಇದು. ವಂಶಪಾರಂಪರ್ಯವಾಗಿ ಕರುಳಿನ ತುಂಬಾ ನೂರಾರು ಪಾಲಿಪ್ ಏಳುವ ಒಂದು ಕಾಯಿಲೆ ಇದೆ. ಎಪಿಸಿ ಜೀನ್ ಹುಟ್ಟಿನಿಂದಲೇ ಕೆಟ್ಟಿರುವುದು ಅದಕ್ಕೆ ಕಾರಣ. 2006ರಲ್ಲಿ ಅಂಥ ಐದು ಜನರಿಗೆ ಅರಿಶಿನದ ಕರ್ಕ್ಯುಮಿನ್ ಮತ್ತು ಕ್ವೆರ್ಸೆಟಿನ್ ಸೇರಿಸಿ ಆರು ತಿಂಗಳು ಕೊಟ್ಟರು. ಪಾಲಿಪ್‌ಗಳ ಸಂಖ್ಯೆ ಸುಮಾರು 60% ಇಳಿಯಿತು. ಎಲ್ಲರಿಗೂ ಖುಷಿ, ನಮಗೂ. ಆದರೆ ಅದರಲ್ಲಿ ಹೋಲಿಕೆಗೆ ಅಂತ ಔಷಧಿ ಇಲ್ಲದ ಮಾತ್ರೆ ತಿನ್ನುವ ಇನ್ನೊಂದು ಗುಂಪು ಇರಲಿಲ್ಲ. 2018ರಲ್ಲಿ ಅದೇ ತಂಡದವರು 44 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 3 ಗ್ರಾಂ ಕರ್ಕ್ಯುಮಿನ್, ಇನ್ನೊಂದಕ್ಕೆ ಔಷಧಿ ಇಲ್ಲದ ಮಾತ್ರೆ, ಒಂದು ವರ್ಷ ಕೊಟ್ಟು ನೋಡಿದರು. ವ್ಯತ್ಯಾಸವೇ ಬರಲಿಲ್ಲ. ತಮ್ಮ ಮೊದಲಿನ ಫಲಿತಾಂಶ ನಿಲ್ಲಲಿಲ್ಲ ಅಂತ ತಾವೇ ಪ್ರಕಟಿಸಿದ್ದಾರೆ. ಜರ್ಮನಿಯಲ್ಲಿ ಗ್ರೀನ್ ಟೀ ಸಾರದ ಮಾತ್ರೆಯನ್ನು ಸಾವಿರ ಜನರ ಮೇಲೆ ಮೂರು ವರ್ಷ ಪರೀಕ್ಷಿಸಿದಾಗಲೂ ಒಟ್ಟಾರೆ ಪಾಲಿಪ್ ಮರುಕಳಿಸುವುದು ಖಚಿತವಾಗಿ ಹೇಳುವಷ್ಟು ಕಡಿಮೆಯಾಗಲಿಲ್ಲ.

ಊಟವನ್ನೇ ಬದಲಿಸಿದರೆ? ಅಮೆರಿಕದಲ್ಲಿ ಪಾಲಿಪ್ ತೆಗೆಸಿಕೊಂಡಿದ್ದ 2,079 ಜನರ ಮೇಲೆ ನಾಲ್ಕು ವರ್ಷದ ಪ್ರಯೋಗ ನಡೆದು 2000ದಲ್ಲಿ ಫಲಿತಾಂಶ ಬಂತು. ಕೊಬ್ಬು ಕಡಿಮೆ, ನಾರು ಜಾಸ್ತಿ, ಹಣ್ಣು ತರಕಾರಿ ಜಾಸ್ತಿ ತಿಂದವರಲ್ಲಿ 39.7% ಜನಕ್ಕೆ ಪಾಲಿಪ್ ಮತ್ತೆ ಬಂತು. ಮೊದಲಿನ ಹಾಗೇ ತಿಂದವರಲ್ಲಿ 39.5%. ಎರಡೂ ಒಂದೇ. ನಮ್ಮಂಥವರಿಗೆ ಇದು ದೊಡ್ಡ ಪೆಟ್ಟು. ಆಮೇಲೆ ಅದೇ ಮಾಹಿತಿಯನ್ನು ಇನ್ನಷ್ಟು ಕೆದಕಿ ನೋಡಿದಾಗ, ಕ್ವೆರ್ಸೆಟಿನ್ ಗುಂಪಿನ ಪಾಲಿಫಿನಾಲ್ ಜಾಸ್ತಿ ತಿಂದವರಲ್ಲಿ, ಮುಖ್ಯವಾಗಿ ಕಾಳು ಜಾಸ್ತಿ ತಿಂದವರಲ್ಲಿ, ಅಪಾಯಕಾರಿ ಪಾಲಿಪ್‌ಗಳು ಮರುಕಳಿಸಿದ್ದು ಕಡಿಮೆ ಅಂತ ಕಂಡಿತು. ಭರವಸೆಯ ಸುಳಿವು ಅದು. ಆದರೆ ಹಾಗೆ ತಿನ್ನುವವರು ಬೇರೆ ರೀತಿಯಲ್ಲೂ ಆರೋಗ್ಯದ ಕಡೆ ಗಮನ ಕೊಡುವವರೇ ಆಗಿರಬಹುದಲ್ವಾ? ಸುಳಿವು ಸುಳಿವಾಗಿಯೇ ಉಳಿಯುತ್ತದೆ. ಕ್ಯಾನ್ಸರ್‌ಗೆ ಹತ್ತು ವರ್ಷ ಬೇಕು ಅಂದಮೇಲೆ ನಾಲ್ಕು ವರ್ಷದ ಪ್ರಯೋಗ ಸಾಲದೇನೋ ಅನ್ನುವ ವಾದವೂ ಇದೆ, ಅದನ್ನು ನಾನೂ ಒಪ್ಪುತ್ತೇನೆ.

ಈಗ ಇದರ ಪಕ್ಕದಲ್ಲಿ ನಿಮ್ಮ ತಂದೆಯವರ ಮಾತ್ರೆಯನ್ನು ಇಟ್ಟು ನೋಡಿ. ಕ್ಯಾಪೆಸಿಟಬಿನ್ ದೇಹದೊಳಗೆ ಹೋಗಿ 5-ಎಫ್‌ಯು ಅನ್ನುವ ಹಳೆಯ ಔಷಧಿಯಾಗಿ ಬದಲಾಗುತ್ತದೆ. 1990ರಲ್ಲೇ, ಮೂರನೇ ಸ್ಟೇಜಿನವರಿಗೆ ಆಪರೇಷನ್ ಆದಮೇಲೆ 5-ಎಫ್‌ಯು ಜೊತೆ ಇನ್ನೊಂದು ಔಷಧಿ ಕೊಟ್ಟಾಗ ಸಾವಿನ ಅಪಾಯ 33% ತಗ್ಗಿತು ಅಂತ ತೋರಿಸಿದ್ದರು. 2005ರಲ್ಲಿ ಸುಮಾರು ಎರಡು ಸಾವಿರ ರೋಗಿಗಳ ಪ್ರಯೋಗದಲ್ಲಿ ಕ್ಯಾಪೆಸಿಟಬಿನ್ ಮಾತ್ರೆ 5-ಎಫ್‌ಯು ಇಂಜೆಕ್ಷನ್‌ಗೆ ಏನೂ ಕಡಿಮೆಯಿಲ್ಲ ಅಂತ ಗೊತ್ತಾಯಿತು. ಆಪರೇಷನ್ನಿನಲ್ಲಿ ಕಣ್ಣಿಗೆ ಕಂಡದ್ದನ್ನು ತೆಗೆದಿದ್ದಾರೆ, ಕಾಣದೆ ಉಳಿದಿರಬಹುದಾದ ಜೀವಕೋಶಗಳಿಗೆ ಈ ಮಾತ್ರೆ. ಆ ಕೆಲಸವನ್ನು ಮನುಷ್ಯರಲ್ಲಿ ಮಾಡಿ ತೋರಿಸಿದ ಒಂದು ಸೊಪ್ಪೂ ಇಲ್ಲ. ಇದನ್ನು ನಿಮ್ಮ ಮಾವನವರಿಗೆ ಮೆತ್ತಗೆ ಹೇಳಿ. ಅವರು ಅಕ್ಕರೆಯಿಂದಲೇ ತಂದಿದ್ದಾರೆ, ಜಗಳ ಬೇಡ.

ಪುಡಿ ಯಾಕೆ ಬೇಡ ಅಂದೆ? ಮುಖ್ಯ ಕಾರಣ ಫೋಲೇಟ್. ಹಸಿರು ಸೊಪ್ಪುಗಳಲ್ಲೆಲ್ಲ ಇರುವ ವಿಟಮಿನ್ ಅದು, ಒಳ್ಳೆಯದೇ. ಆದರೆ ಫೋಲಿಕ್ ಆಸಿಡ್, ಅಂದರೆ ಮಾತ್ರೆಗಳಲ್ಲಿ ಹಾಕುವ ಫೋಲೇಟ್, ಜಾಸ್ತಿಯಾದರೆ ಕ್ಯಾಪೆಸಿಟಬಿನ್‌ನ ಅಡ್ಡಪರಿಣಾಮ ಹೆಚ್ಚುತ್ತದೆ. ಬೇಧಿ, ಬಾಯಿ ಹುಣ್ಣು, ಅಂಗೈ ಉರಿ, ಇವೇ. ಊಟದ ಸೊಪ್ಪಿನಿಂದ ಈ ಭಯ ಬೇಕಿಲ್ಲ. ಒಣಗಿಸಿ ಸಾಂದ್ರ ಮಾಡಿದ ಪುಡಿ, ಅದರ ಜೊತೆ 'ಶಕ್ತಿಗೆ' ಅಂತ ತೆಗೆದುಕೊಳ್ಳುವ ಮಲ್ಟಿವಿಟಮಿನ್ ಮಾತ್ರೆ, ಇವುಗಳ ಬಗ್ಗೆ ಎಚ್ಚರ ಬೇಕು. ಈಗಾಗಲೇ ಹುಣ್ಣು, ಉರಿ ಇದೆ ಅಂದಿದ್ದೀರಿ. ಹಾಗಾಗಿ ಅಂಥ ಮಾತ್ರೆ ಏನಾದರೂ ನಡೆಯುತ್ತಿದೆಯಾ ಅಂತ ಇವತ್ತೇ ನೋಡಿ. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುವವರಾದರೆ ಇನ್ನೂ ಹುಷಾರಾಗಿರಬೇಕು. ಸೊಪ್ಪಿನ ವಿಟಮಿನ್ ಕೆ ಒಂದು ಕಡೆ ಎಳೆದರೆ ಕ್ಯಾಪೆಸಿಟಬಿನ್ ಇನ್ನೊಂದು ಕಡೆ ಎಳೆಯುತ್ತದೆ. ಸಾಂದ್ರ ಮಾಡಿದ ಗಿಡಮೂಲಿಕೆ ಸಾರಗಳಿಂದ, ಗ್ರೀನ್ ಟೀ ಮತ್ತು ಅರಿಶಿನದ ಮಾತ್ರೆಗಳಿಂದ ಕೂಡ, ಲಿವರಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಅಡುಗೆಯ ಅರಿಶಿನದಿಂದ ಹಾಗಾಗುವುದಿಲ್ಲ.

ಇನ್ನು ಆಸ್ಪತ್ರೆಯವರು ಸೊಪ್ಪು ಬೇಡ ಅಂದದ್ದು. ಅದೂ ಸರಿಯೇ. ಕರುಳು ಕತ್ತರಿಸಿ ಹೊಲಿದಾಗ ಮೊದಲ ಕೆಲವು ವಾರ ಅಲ್ಲಿ ಊತ ಇರುತ್ತದೆ, ದಾರಿ ಕಿರಿದಾಗಿರುತ್ತದೆ, ನಾರಿನ ಎಳೆ ಸಿಕ್ಕಿಕೊಂಡರೆ ಕಷ್ಟ. ಅದಕ್ಕೆ ಮೆತ್ತಗಿನ ಊಟ ಹೇಳುತ್ತಾರೆ. ಅದು ಆ ವಾರಗಳ ಮಾತು, ಜೀವನಪೂರ್ತಿಯದ್ದಲ್ಲ. ಎಷ್ಟೋ ಮನೆಗಳಲ್ಲಿ ಡಿಸ್ಚಾರ್ಜ್ ಚೀಟಿಯಲ್ಲಿದ್ದ ಒಂದು ಸಾಲನ್ನೇ ಹಿಡಿದುಕೊಂಡು ವರ್ಷಗಟ್ಟಲೆ ಬರೀ ಗಂಜಿ, ಬ್ರೆಡ್ಡು, ಮೊಸರನ್ನದಲ್ಲಿ ಇಟ್ಟಿರುತ್ತಾರೆ. ನನಗೆ ನಿಜಕ್ಕೂ ಬೇಜಾರಾಗುವ ವಿಷಯ ಇದು. ಈಗ ಮೂರು ತಿಂಗಳಾಗಿದೆ, ಸರ್ಜನ್ ಹತ್ತಿರ ಒಮ್ಮೆ ಕೇಳಿ ಸೊಪ್ಪು ಶುರು ಮಾಡಬಹುದು. ಮಲ ಹೋಗಲು ಹೊಟ್ಟೆಯ ಮೇಲೆ ಚೀಲ ಇಟ್ಟಿದ್ದರೆ ಮಾತ್ರ ಅವರು ಹೇಳಿದ ಹಾಗೇ ನಿಧಾನಕ್ಕೆ ಹೋಗಿ, ದಂಟು, ನಾರು ಎಳೆ ಬೇಡ.

ಯಾವ ಸೊಪ್ಪು, ಹೇಗೆ? ಬಾಯಲ್ಲಿ ಹುಣ್ಣಿರುವಾಗ ಖಾರ, ಹುಳಿ ಕಮ್ಮಿ ಮಾಡಿ ಮಸ್ಸೊಪ್ಪು ಮಾಡಿ. ಎಳೆ ದಂಟಿನ ಸೊಪ್ಪು, ಚಕ್ಕೋತ, ಪಾಲಕ್, ಸ್ವಲ್ಪ ಸಬ್ಬಸಿಗೆ. ಎಲೆ ಮಾತ್ರ ಬಿಡಿಸಿ, ತೊಗರಿಬೇಳೆ ಜೊತೆ ಚೆನ್ನಾಗಿ ಬೇಯಿಸಿ ಮಸೆದರೆ ಕರುಳಿಗೂ ಸಲೀಸು. ಎರಡು ಮೂರು ಚಮಚದಿಂದ ಶುರು ಮಾಡಿ. ಕಿಮೋ ನಡೆಯುವಾಗ ಬಿಳಿ ರಕ್ತಕಣ ಇಳಿಯುವುದರಿಂದ ಹಸಿ ಸೊಪ್ಪು, ಹಸಿ ಕೊತ್ತಂಬರಿ ಚಟ್ನಿ ಸದ್ಯಕ್ಕೆ ಬೇಡ, ಬೇಯಿಸಿಯೇ ಕೊಡಿ. ಬೇಧಿ ಶುರುವಾದರೆ ಅವತ್ತು ಸೊಪ್ಪು ನಿಲ್ಲಿಸಿ. ದಿನಕ್ಕೆ ಮಾಮೂಲಿಗಿಂತ ನಾಲ್ಕು ಸಲ ಜಾಸ್ತಿ ಹೋದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ. ನುಗ್ಗೆಸೊಪ್ಪನ್ನೂ ಹೀಗೇ ಬೇಳೆ ಜೊತೆ ಬೇಯಿಸಿ ವಾರಕ್ಕೊಮ್ಮೆ ಕೊಡಬಹುದು, ಪುಡಿಯಾಗಿ ಮಾತ್ರ ಬೇಡ.

ಬಸ್ಸಾರಿನ ಬಗ್ಗೆ ಹೇಳದೆ ಇರಲಾರೆ. ಪಾಲಕ್ಕನ್ನು ನೀರಿನಲ್ಲಿ ಕುದಿಸಿ ಅಳೆದಾಗ ಅದರ ಫ್ಲೇವನಾಯ್ಡ್‌ಗಳಲ್ಲಿ, ಅಂದರೆ ಕ್ವೆರ್ಸೆಟಿನ್ ಜಾತಿಯ ಪಾಲಿಫಿನಾಲ್‌ಗಳಲ್ಲಿ, ಸುಮಾರು ಅರ್ಧ ನೀರಿಗೆ ಇಳಿದಿರುತ್ತದೆ ಅಂತ ಗೊತ್ತಾಗಿದೆ. ಆ ನೀರನ್ನು ಚೆಲ್ಲಿದರೆ ಅರ್ಧ ಹೋಯಿತು. ನಮ್ಮ ಹಳೇ ಮೈಸೂರಿನ ಕಡೆ ಅದನ್ನು ಬಸಿದು ಸಾರು ಮಾಡುತ್ತೇವೆ, ಸೊಪ್ಪು ಕಾಳನ್ನು ಪಲ್ಯ ಮಾಡುತ್ತೇವೆ. ಒಂದು ಹನಿಯೂ ದಂಡವಿಲ್ಲ. ಜೊತೆಗೆ ಅಲಸಂದೆ ಕಾಳೋ ಹೆಸರುಕಾಳೋ ಇರುತ್ತದೆ, ಕೆಳಗೆ ರಾಗಿ ಮುದ್ದೆ ಇರುತ್ತದೆ. ನಾರು, ಪಾಲಿಫಿನಾಲ್, ಫೋಲೇಟ್ ಮೂರೂ ಒಂದೇ ತಟ್ಟೆಯಲ್ಲಿ. ಉತ್ತರ ಕರ್ನಾಟಕದವರ ಜೋಳದ ರೊಟ್ಟಿ, ಪುಂಡಿಪಲ್ಲೆ, ಕಾಳು ಪಲ್ಯವೂ ಇದಕ್ಕೇನು ಕಡಿಮೆ ಇಲ್ಲ. ಕಿಡ್ನಿ ಕಲ್ಲು ಆಗಿರುವವರು ಮಾತ್ರ ಪಾಲಕ್, ದಂಟಿನ ಸೊಪ್ಪು ಬೇಯಿಸಿದ ನೀರನ್ನು ಚೆಲ್ಲುವುದೇ ಒಳ್ಳೆಯದು, ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಅದರಲ್ಲೇ ಇಳಿದಿರುತ್ತದೆ. ಇನ್ನೊಂದು, ಊಟ ಆದ ತಕ್ಷಣ ಕಾಫಿ ಟೀ ಬೇಡ. ಅದರ ಪಾಲಿಫಿನಾಲ್ ಸೊಪ್ಪಿನ ಕಬ್ಬಿಣವನ್ನು ಹಿಡಿದುಕೊಂಡು ಬಿಡುತ್ತದೆ. ಈ ಕಾಯಿಲೆಯವರಿಗೆ ಮೊದಲೇ ರಕ್ತ ಕಡಿಮೆ ಇರುತ್ತದೆ.

ಈಗ ನೀವು ಮತ್ತು ನಿಮ್ಮ ತಮ್ಮ. ಇಬ್ಬರೂ ದಿನಾ ಒಂದು ಹೊತ್ತು ಸೊಪ್ಪು, ಒಂದು ಹೊತ್ತು ಕಾಳು, ಪಾಲಿಶ್ ಮಾಡಿದ ಅಕ್ಕಿ ಕಡಿಮೆ ಮಾಡಿ ರಾಗಿ ಜೋಳ ಜಾಸ್ತಿ, ಹೀಗೆ ತಿನ್ನಿ. ಸಿಪ್ಪೆ ಸಮೇತದ ಧಾನ್ಯ ದಿನಕ್ಕೆ 90 ಗ್ರಾಂ ತಿನ್ನುವವರಲ್ಲಿ ಈ ಕ್ಯಾನ್ಸರ್ ಸುಮಾರು 17% ಕಡಿಮೆ ಅಂತ ದೊಡ್ಡ ವಿಶ್ಲೇಷಣೆಗಳು ಹೇಳುತ್ತವೆ. ಸೊಪ್ಪು ತರಕಾರಿಗಿಂತ ಧಾನ್ಯ ಮತ್ತು ನಾರಿಗೇ ಸಾಕ್ಷಿ ಗಟ್ಟಿ, ಸೊಪ್ಪಿನ ಮೇಲೆ ಇಷ್ಟು ಪ್ರೀತಿ ಇರುವ ನಾನು ಇದನ್ನೂ ಹೇಳಬೇಕು. ಸಾಸೇಜ್, ಸಲಾಮಿ, ಬೇಕನ್ ಥರದ ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಕ್ಯಾನ್ಸರ್ ತರುವ ವಸ್ತು ಅಂತಲೇ ಸೇರಿಸಿದೆ. ದಿನಕ್ಕೆ 50 ಗ್ರಾಂ ತಿಂದರೆ ಅಪಾಯ ಸುಮಾರು 18% ಹೆಚ್ಚು. ಸಿಗರೇಟು, ಕುಡಿತ ಬೇಡ. ನಡಿಗೆ ಬಿಡಬೇಡಿ. ತಂದೆಯವರಿಗೂ ಡಾಕ್ಟರನ್ನು ಕೇಳಿ ದಿನಾ ನಡೆಸಿ. ಕಿಮೋ ಮುಗಿಸಿದ 889 ಜನ ದೊಡ್ಡ ಕರುಳಿನ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಪ್ರಯೋಗ 2025ರಲ್ಲಿ ಪ್ರಕಟವಾಯಿತು. ತರಬೇತುದಾರರ ಜೊತೆ ಕ್ರಮವಾಗಿ ವ್ಯಾಯಾಮ ಮಾಡಿದವರಲ್ಲಿ ಐದು ವರ್ಷಕ್ಕೆ 80.3% ಜನ ಕಾಯಿಲೆ ಇಲ್ಲದೆ ಇದ್ದರು, ಬರೀ ಪುಸ್ತಿಕೆ ಕೊಟ್ಟವರಲ್ಲಿ 73.9%. ಯಾವ ಪುಡಿಯೂ ಇಂಥ ಅಂಕಿ ತೋರಿಸಿಲ್ಲ.

ಊಟಕ್ಕಿಂತ ಮುಖ್ಯವಾದದ್ದು ನಿಮ್ಮಿಬ್ಬರಿಗೆ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆಯನ್ನು ಗುದದ್ವಾರದಿಂದ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ. ತಂದೆಗೋ ತಾಯಿಗೋ 60ರ ಒಳಗೆ ಈ ಕಾಯಿಲೆ ಬಂದಿದ್ದರೆ ಮಕ್ಕಳು 40ಕ್ಕೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಬೇಗವೋ ಆಗ ಶುರು ಮಾಡಿ ಐದೈದು ವರ್ಷಕ್ಕೊಮ್ಮೆ ಮಾಡಿಸಬೇಕು. ನಿಮಗೆ ಇನ್ನೆರಡು ವರ್ಷ, ತಮ್ಮನಿಗೆ ಐದು. ನಮ್ಮ ದೇಶದಲ್ಲಿ ಈ ಕ್ಯಾನ್ಸರ್‌ಗೆ ಅಂತ ಸರ್ಕಾರದ ತಪಾಸಣೆ ಕಾರ್ಯಕ್ರಮ ಇಲ್ಲ, ಯಾರೂ ಮನೆ ಬಾಗಿಲಿಗೆ ಬಂದು ಕರೆಯುವುದಿಲ್ಲ. ನೀವೇ ಕೇಳಿ ಹೋಗಬೇಕು. ಪಾಲಿಪ್ ಇದ್ದರೆ ಸಾಮಾನ್ಯವಾಗಿ ಅಲ್ಲೇ ತೆಗೆದುಬಿಡುತ್ತಾರೆ, ಅದು ಕ್ಯಾನ್ಸರ್ ಆಗುವ ಹತ್ತು ವರ್ಷದ ದಾರಿ ಅಲ್ಲಿಗೇ ನಿಲ್ಲುತ್ತದೆ. ಅಷ್ಟರೊಳಗೆ ಮಲದಲ್ಲಿ ರಕ್ತ ಕಂಡರೆ, ಮಲ ಹೋಗುವ ರೀತಿ ಬದಲಾಗಿ ವಾರಗಟ್ಟಲೆ ಹಾಗೇ ಇದ್ದರೆ, ಕಾರಣವಿಲ್ಲದೆ ಹಿಮೋಗ್ಲೋಬಿನ್ ಇಳಿದರೆ, ಪೈಲ್ಸ್ ಇರಬೇಕು ಅಂತ ಕೂರಬೇಡಿ.

ಮುಂದಿನ ಸಲ ತಂದೆಯವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಪುಡಿ ಡಬ್ಬಿಯನ್ನೂ, ಮನೆಯಲ್ಲಿರುವ ವಿಟಮಿನ್ ಮಾತ್ರೆಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಆಗುವುದಾದರೆ ಸೋದರಮಾವನವರನ್ನೂ ಜೊತೆಗೆ ಕರೆದುಕೊಂಡು ಹೋಗಿ.